ದೀಪದ ಕೆಳಗಿನ ಕೆಂಪು ಗೆರೆ

ಅಪ್ಪನ ಕುತ್ತಿಗೆ ಓರೆಯಾಗಿದೆ ಎಂದು ಮೊದಲು ಹೇಳಿದವಳು ಅಮ್ಮ. ಹೇಳಿ ಸುಮ್ಮನಿರುವ ಜಾಯಮಾನ ಅವಳದಲ್ಲ. ಎಳ್ಳೆಣ್ಣೆ ಕಾಯಿಸಿ ತಿಕ್ಕಿದಳು, ಲಕ್ಕಿ ಸೊಪ್ಪಿನ ಶಾಖ ಕೊಟ್ಟಳು, ತಲೆದಿಂಬು ಕಿತ್ತುಕೊಂಡು ಬರಿ ಚಾಪೆಯ ಮೇಲೆ ಮಲಗಿಸಿದಳು. ಕುತ್ತಿಗೆ ಜಪ್ಪಯ್ಯ ಎನ್ನಲಿಲ್ಲ. ಪಕ್ಕದಲ್ಲಿ ಯಾರೋ ನಿಂತು ಗುಟ್ಟು ಹೇಳುತ್ತಿದ್ದಾರೆ, ತಾನು ಕಿವಿ ಕೊಟ್ಟಿದ್ದೇನೆ ಎಂಬ ಹಾಗೆ ತಲೆಯನ್ನು ಎಡ ಭುಜದ ಕಡೆಗೆ ವಾಲಿಸಿಕೊಂಡೇ ಅಪ್ಪ ಕೇರಿಯಲ್ಲಿ ಓಡಾಡುತ್ತಿದ್ದ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ದೋಣಿಯನ್ನು ಮರಳಿಗೆ ಎಳೆಯುವಾಗ ಅಡ್ಡಮರವೊಂದು ಸಿಡಿದು ಅವನ ತಲೆಗೆ ಬಡಿದಿತ್ತು. ಗಾಯ ಬೇಗ ಮಾಯಿತು. ಈ ವಾಲು ಮಾತ್ರ ಉಳಿಯಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನ ಒಂದು ಶಾಲೆಯಲ್ಲಿ ಟೀಚರು. ಕಾಪುವಿನ ಕಡಲ ಕರೆಯಲ್ಲಿ ಹುಟ್ಟಿ, ಟ್ರೈನಿಂಗ್ ಮುಗಿಸಿ, ಗದ್ದೆ ಬೈಲಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಊರಿಗೆ ಬಂದರೆ ಸೋಮವಾರ ಮುಂಜಾನೆ ಮರಳುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಈಗಲೂ ಹಾಗೆಯೇ, ಮುದುಕಿಯಾದರೂ ಇಳಿದಿಲ್ಲ. ಮನೆಗೆ ಬಂದ ಅರ್ಧ ಗಂಟೆಯಲ್ಲಿ ಯಾರಾದರೊಬ್ಬರ ಜೊತೆ ನನ್ನ ಜಗಳ ಆಗಿಯೇ ಆಗುತ್ತಿತ್ತು, ಹೆಚ್ಚಿನ ಸಲ ಅಪ್ಪನ ಜೊತೆ.

ಅಪ್ಪ ನಮ್ಮ ರಂಪಣಿ ಬಲೆಗೆ ಮೀನು ನೋಡುವವನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಪಣಿ ಎಂದರೆ ಒಬ್ಬಿಬ್ಬರ ಕೆಲಸವಲ್ಲ, ಕೇರಿಯ ಗಂಡಸರೆಲ್ಲ ಸೇರಿ ಒಂದು ಬಲೆ. ದೋಣಿ ಆ ಬಲೆಯನ್ನು ಹೊತ್ತು ಕಡಲಿಗೆ ಇಳಿದು ಮೀನಿನ ಹಿಂಡನ್ನು ಸುತ್ತುಹಾಕಿ ಬರಬೇಕು; ಆಮೇಲೆ ದಡದಲ್ಲಿ ನಿಂತವರು ಎರಡೂ ತುದಿಯ ಹಗ್ಗ ಹಿಡಿದು ಎಳೆಯಬೇಕು. ಹಿಂಡು ಎಲ್ಲಿದೆ ಎಂದು ದೋಣಿಯಲ್ಲಿ ಕುಳಿತವನಿಗೆ ಕಾಣುವುದಿಲ್ಲ. ಕಾಣುವುದು ಮರಳ ದಿಬ್ಬದ ಮೇಲೆ ನಿಂತವನಿಗೆ. ಬಂಗುಡೆ ಬಂದಲ್ಲಿ ನೀರಿನ ಬಣ್ಣ ಕಂದುತ್ತದೆ, ಅಲೆಯ ಬೆನ್ನು ಒಂಚೂರು ಒರಟಾಗುತ್ತದೆ. ಅಪ್ಪ ದಿಬ್ಬದ ಮೇಲೆ ನಿಂತು ತಲೆಗೆ ಸುತ್ತಿದ ಬೈರಾಸನ್ನು, ಎಂದರೆ ಹೆಗಲ ವಸ್ತ್ರವನ್ನು, ಬಿಚ್ಚಿ ಬೀಸುತ್ತಿದ್ದ. ಬಲಕ್ಕೆ ಬೀಸಿದರೆ ದೋಣಿ ಬಲಕ್ಕೆ, ಮೇಲೆತ್ತಿದರೆ ಇನ್ನೂ ದೂರಕ್ಕೆ, ಕೆಳಗಿಳಿಸಿದರೆ ದಡದ ಕಡೆಗೆ.

ದಿಬ್ಬಕ್ಕೆ ಒಂದು ಕಟ್ಟಳೆ ಇತ್ತು. ಅಲ್ಲಿ ನಿಂತವನು ಒಂದೇ ಜಾಗ ತೋರಿಸಬೇಕು, ಒಂದೇ ಸಲ ತೋರಿಸಬೇಕು. ಅಲ್ಲೋ ಇಲ್ಲೋ ಎನ್ನುವ ಹಾಗಿಲ್ಲ. ಇರಬಹುದು ಎಂಬ ಮಾತನ್ನು ಅಲ್ಲಿ ಆಡುವಂತೆಯೇ ಇಲ್ಲ. ನೋಡುವವನಿಗೆ ಅನುಮಾನ ಬಂತೆಂದರೆ ಹುಟ್ಟು ಹಾಕುವವನ ಕೈ ನಿಲ್ಲುತ್ತದೆ, ಅಲೆ ಒಡೆಯುವಲ್ಲಿ ಕೈ ನಿಂತ ದೋಣಿ ಮಗುಚಿಕೊಳ್ಳುತ್ತದೆ. ಅದಕ್ಕೇ ಕೆಳಗಿನವರೂ ಅವನನ್ನು ಮರುಪ್ರಶ್ನೆ ಕೇಳುವ ಹಾಗಿರಲಿಲ್ಲ. ನಮ್ಮ ಕಡಲ ಕರೆಯ ಎದುರಿಗೇ ಒಂದು ಬಂಡೆ ಬೇರೆ ಉಂಟು. ಇಳಿತದಲ್ಲಿ ಬೆನ್ನು ತೋರಿಸುತ್ತದೆ, ಉಬ್ಬರದಲ್ಲಿ ಮುಳುಗಿ ಬರಿಯ ನೊರೆಯಾಗುತ್ತದೆ. ಅದನ್ನು ತಪ್ಪಿಸಿ ದೋಣಿಯನ್ನು ಒಳಗೆ ಹೊರಗೆ ಮಾಡುವುದೂ ಅಪ್ಪನ ಬೈರಾಸೇ. ದೋಣಿಯ ಮೂತಿಯಲ್ಲಿ, ಮೊದಲ ಹುಟ್ಟು ಹಿಡಿದು ಕೂರುತ್ತಿದ್ದವನು ನನ್ನ ಅಣ್ಣ.

ಆ ವರ್ಷ ಮಳೆ ಹಿಡಿದು ಕಡಲು ಮುಚ್ಚಿದ ಮೇಲೆ ಒಂದು ಭಾನುವಾರ, ಅಪ್ಪ ಗಂಜಿ ಉಣ್ಣುವಾಗ ನಾನು ಎದುರಿಗೆ ಕೂತಿದ್ದೆ. ಉಪ್ಪಿನಕಾಯಿಯ ಹೋಳನ್ನು ಬಟ್ಟಲಿಗೆಂದು ಹಾಕಿದ, ಅದು ಬಟ್ಟಲಿನ ಈಚೆ ನೆಲಕ್ಕೆ ಬಿತ್ತು. ಅವನು ಅದನ್ನು ನೋಡಿ, ನಾನು ನೋಡಿದೆನೋ ಎಂದು ನೋಡಿ, ಬೆರಳಲ್ಲಿ ಮೆಲ್ಲಗೆ ಎತ್ತಿಕೊಂಡ. ಆಮೇಲೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಮೆಟ್ಟಿಲು ಇಳಿಯುವಾಗ ಅವನು ಒಂದು ಕಣ್ಣು ಮುಚ್ಚುತ್ತಿದ್ದ. ಚಿಮಣಿಗೆ ಕಡ್ಡಿ ಗೀರುವಾಗ ಒಂದು ಕಣ್ಣು ಮುಚ್ಚುತ್ತಿದ್ದ. ಕುತ್ತಿಗೆಯದ್ದಲ್ಲ ಇದು, ಕಣ್ಣಿನದ್ದು. ಹಾಗಾದರೆ ದೀಪಾವಳಿಯಿಂದ ಈಚೆ ಅಷ್ಟೂ ತಿಂಗಳು ಈ ಮನುಷ್ಯ ದಿಬ್ಬದ ಮೇಲೆ ನಿಂತು ಏನನ್ನು ನೋಡಿ ಬೈರಾಸು ಬೀಸಿದ?

ಕೇಳಿದೆ. ಕೇಳಿದೆ ಎಂದರೆ ಕಿರುಚಿದೆ. ತನ್ನ ಕಣ್ಣಿಗೆ ಎಂತದೂ ಆಗಿಲ್ಲ ಎಂದ. ಮಕ್ಕಳಿಗೆ ಕಲಿಸುವುದನ್ನು ಮನೆಯಲ್ಲಿ ಕಲಿಸಬೇಡ ಎಂದೂ ಸೇರಿಸಿದ. ಅಣ್ಣ ಅಲ್ಲೇ ಬಲೆಯ ಕಣ್ಣು ಹೆಣೆಯುತ್ತ ಕುಳಿತಿದ್ದ, ತಲೆ ಎತ್ತಲಿಲ್ಲ. ಅವನಿಗೂ ಬೈದೆ. ಅವನು ಬಲೆಗೆ ಇನ್ನೊಂದು ಗಂಟು ಹಾಕಿದ. ಋತು ಶುರುವಾಗಲು ಜಡಿಮಳೆಯ ಆಟಿ ತಿಂಗಳು ಕಳೆಯಬೇಕು, ಅಷ್ಟರೊಳಗೆ ಏನಾದರೂ ಮಾಡಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮುಂದಿನ ದೋಣಿ ಹೊರಡುವಾಗ ಆ ಬಂಡೆ ಮತ್ತು ಅಣ್ಣ, ಎರಡರ ನಡುವೆ ಇರುವುದು ಅಪ್ಪನ ಕಣ್ಣು ಮಾತ್ರ.

ಮೊದಲು ಉಡುಪಿಗೆ ಕರೆದುಕೊಂಡು ಹೋದೆ. ರಥಬೀದಿಯ ಆಚೆ ಒಂದು ಕನ್ನಡಕದ ಅಂಗಡಿ. ಅಲ್ಲಿ ಒಂದು ಕಣ್ಣು ಮುಚ್ಚಿಸಿ ಚಿತ್ರ ತೋರಿಸಿದರು, ಇನ್ನೊಂದು ಕಣ್ಣು ಮುಚ್ಚಿಸಿ ತೋರಿಸಿದರು. ಅಪ್ಪ ಎಲ್ಲದಕ್ಕೂ ಪಟಪಟನೆ ಸರಿ ಉತ್ತರ ಹೇಳಿದ. ಈ ಪ್ರಾಯಕ್ಕೆ ಇಂಥ ಕಣ್ಣು ನೋಡಿಲ್ಲ ಎಂದು ಅಂಗಡಿಯವರು ಹೊಗಳಿ, ಬಿಸಿಲಿಗೆಂದು ಕಪ್ಪು ಕನ್ನಡಕ ಒಂದನ್ನು ಕೊಟ್ಟು ಕಳಿಸಿದರು. ಅಮ್ಮನಿಗೆ ಬಹಳ ಸಂತೋಷವಾಯಿತು. ಆಟಿಯ ಮಳೆ ಧೋ ಎಂದು ಸುರಿಯುವಾಗ ಬಿಸಿಲಿನ ಕನ್ನಡಕ! ನಾನು ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿ ಕೂತಿದ್ದೆ.

ನಮ್ಮ ಶಾಲೆಯಲ್ಲಿ ನನಗಿಂತ ಹಿರಿಯ ಟೀಚರೊಬ್ಬರಿದ್ದರು, ಕೊಂಕಣಿ ಮಾತನಾಡುವ ಕ್ರಿಸ್ತುವರ ಮನೆಯವರು. ಸ್ಟಾಫ್ ರೂಮಿನಲ್ಲಿ ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿರಬೇಕು. ಅವರ ಮಗಳಿಗೆ ಮೆಳ್ಳೆಗಣ್ಣಿತ್ತು. ಅದು ಅದೃಷ್ಟದ ಕಣ್ಣು, ಮುಟ್ಟಬಾರದು ಎಂದು ನೆಂಟರೆಲ್ಲ ತಡೆದರೂ ಬಿಡದೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದರಂತೆ. ಒಂದೊಂದೇ ಕಣ್ಣು ನೋಡಿದರೆ ಏನೂ ತಿಳಿಯುವುದಿಲ್ಲ ಮಾರಾಯ್ತಿ, ಎರಡೂ ಸೇರಿ ಹೇಗೆ ನೋಡುತ್ತವೆ ಎಂದು ನೋಡಬೇಕು, ಅದಕ್ಕೆ ಬೇರೆಯೇ ಗಾಜುಗಳುಂಟು ಎಂದರು. ಹೋಗುವ ದಾರಿಯನ್ನೂ, ಡಾಕ್ಟರರ ಮುಂದೆ ಹೆಚ್ಚು ಬಾಯಿ ಮಾಡಬಾರದೆಂಬುದನ್ನೂ ಹೇಳಿಕೊಟ್ಟರು.

ಮಣಿಪಾಲ ಆಗ ಬೋಳು ಗುಡ್ಡ. ಮುರಕಲ್ಲಿನ ಮೇಲೆ ಮಳೆಯ ನೀರು ಕೆಂಪಾಗಿ ಹರಿಯುತ್ತಿತ್ತು, ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಅಂಥದ್ದೊಂದರಲ್ಲಿ ಕಣ್ಣಿನ ಡಾಕ್ಟರರು ಕುಳಿತುಕೊಳ್ಳುತ್ತಿದ್ದರು. ಘಟ್ಟದ ಮೇಲಿನವರು, ತುಳು ಬಾರದು. ಅಪ್ಪನಿಗೆ ಕನ್ನಡ ಅಷ್ಟಕ್ಕಷ್ಟೇ. ನಡುವೆ ನಾನು. ಡಾಕ್ಟರರು ಅಪ್ಪನ ಕಣ್ಣನ್ನು ನೋಡುವ ಮೊದಲು ಅವನ ತಲೆಯನ್ನೇ ಬಹಳ ಹೊತ್ತು ನೋಡಿದರು. ಯಾವಾಗಿನಿಂದ ಹೀಗೆ ವಾಲಿದೆ ಎಂದು ಕೇಳಿದರು. ಎರಡು ಕೈಯಲ್ಲೂ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದರು. ಅಪ್ಪನ ಮುಖದಲ್ಲಿ ಏನೋ ಒಂದು ಹಾದುಹೋಯಿತು, ನನಗೆ ಅದು ಹೆದರಿಕೆಯಂತೆ ಕಂಡಿತು.

ಕಿಟಕಿಗಳನ್ನು ಮುಚ್ಚಿ ಕೋಣೆಯನ್ನು ಕತ್ತಲು ಮಾಡಿದರು. ಎದುರಿನ ಗೋಡೆಯಲ್ಲಿ ಒಂದು ಸಣ್ಣ ದೀಪ, ಸಾಸಿವೆಯಷ್ಟು. ಮೇಜಿನ ಮೇಲೆ ಮಖಮಲ್ಲು ಹಾಸಿದ ಮರದ ಪೆಟ್ಟಿಗೆ. ಅದರಲ್ಲಿ ಸಾಲುಸಾಲು ಗಾಜು. ಅದರಿಂದ ಒಂದು ಕೆಂಪು ಗಾಜು ತೆಗೆದರು. ನುಣುಪಾದ ಗಾಜಲ್ಲ, ಬಳೆಯ ಚೂರುಗಳನ್ನು ಒತ್ತೊತ್ತಾಗಿ ಅಂಟಿಸಿದಂತೆ ಏಣು ಏಣಾಗಿತ್ತು. ನನಗೆ ಅರ್ಥವಾದರೆ ಅಪ್ಪನಿಗೆ ಹೇಳುವುದು ಸುಲಭವೆಂದು ಮೊದಲು ನನ್ನನ್ನೇ ಕೂರಿಸಿದರು. ಬಲಗಣ್ಣಿನ ಮುಂದೆ ಆ ಗಾಜು ಬಂದದ್ದೇ ತಡ, ದೀಪವಿದ್ದಲ್ಲಿ ಒಂದು ಉದ್ದನೆಯ ಕೆಂಪು ಗೆರೆ ಅಡ್ಡಲಾಗಿ ಎದ್ದಿತು. ಎಡಗಣ್ಣಿಗೆ ದೀಪ, ಬಲಗಣ್ಣಿಗೆ ಗೆರೆ. ಎರಡೂ ಕಣ್ಣು ಒಂದೇ ಕಡೆ ನೆಟ್ಟಿದ್ದರೆ ಗೆರೆ ದೀಪದ ಮೇಲೆಯೇ ಹಾದುಹೋಗುತ್ತದೆ, ಒಂದು ಏರುಪೇರಾಗಿದ್ದರೆ ಮೇಲೋ ಕೆಳಗೋ ನಿಲ್ಲುತ್ತದೆ ಎಂದು ಡಾಕ್ಟರರು ಬಿಡಿಸಿ ಹೇಳಿದರು. ನನಗೆ ದೀಪದ ಮೇಲೆಯೇ ಇತ್ತು. ಹಾಗೆಂದು ಜೋರಾಗಿಯೇ ಹೇಳಿದೆ. ಪಕ್ಕದ ಬೆಂಚಿನಲ್ಲಿ ಅಪ್ಪ ಎಲ್ಲವನ್ನೂ ಕೇಳುತ್ತ ಕುಳಿತಿದ್ದ.

ಆಮೇಲೆ ಅಪ್ಪನ ಸರದಿ. ಭಾರದ ಕಬ್ಬಿಣದ ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿ, ಕೆಂಪು ಗಾಜನ್ನು ಬಲಗಣ್ಣಿಗೆ ಸಿಕ್ಕಿಸಿ, ತಲೆಯನ್ನು ನೆಟ್ಟಗೆ ಹಿಡಿದುಕೊಂಡು ಗೆರೆ ಎಲ್ಲಿದೆ ಎಂದು ಕೇಳಿದರು. ನಾನು ತುಳುವಿನಲ್ಲಿ ಕೇಳಿದೆ. ಅಪ್ಪ ಸ್ವಲ್ಪವೂ ತಡೆಯಲಿಲ್ಲ. ದೀಪದ ಮೇಲೆಯೇ ಎಂದ. ಇನ್ನೊಂದು ಸಲ ಕೇಳಿದಾಗಲೂ ಅದೇ. ಡಾಕ್ಟರರು ಗಾಜು ತೆಗೆದು, ಒಂದು ರಟ್ಟಿನ ತುಂಡಿನಿಂದ ಅವನ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಮತ್ತೆ ಮೊದಲನೆಯದು ಮುಚ್ಚಿ ನೋಡುತ್ತ ಹೋದರು. ರಟ್ಟು ಸರಿದಾಗಲೆಲ್ಲ ಅಪ್ಪನ ಬಲಗಣ್ಣು ಮೇಲಿನಿಂದ ಕೆಳಗೆ ಇಳಿಯುವುದು ನನಗೂ ಕಂಡಿತು.

ಡಾಕ್ಟರರು ನನ್ನನ್ನು ಬಾಗಿಲ ಹತ್ತಿರ ಕರೆದು, ನಿಮ್ಮ ತಂದೆಯ ಬಾಯಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ ಎಂದರು. ತಲೆಗೆ ಪೆಟ್ಟು ಬಿದ್ದಾಗ ಕಣ್ಣಿನ ಒಂದು ನರ ಸೋತಿದೆ, ಬಲಗಣ್ಣು ಮೇಲೆ ಏರಿ ನಿಂತಿದೆ, ಅದನ್ನು ಸರಿದೂಗಿಸಲು ತಲೆ ವಾಲುತ್ತಿದೆ. ಇವರಿಗೆ ಒಂದರ ಕೆಳಗೊಂದು ಎರಡು ಕಾಣುತ್ತಿರಲೇಬೇಕು. ಎಷ್ಟು ಕೆಳಗೆ ಎಂದು ಅಳೆದರೆ ಅದಕ್ಕೆ ತಕ್ಕ ಗಾಜು ಕೊಡಬಹುದು. ಆದರೆ ಆ ಗೆರೆ ಅವರಿಗೆ ಮಾತ್ರ ಕಾಣುವಂಥದ್ದು, ಅವರೇ ಹೇಳಬೇಕು. ಮುಂದಿನ ವಾರ ಕರೆದುಕೊಂಡು ಬನ್ನಿ, ಮನೆಯಲ್ಲಿ ಸಮಾಧಾನದಿಂದ ಮಾತನಾಡಿ ಎಂದರು.

ಸಮಾಧಾನ ನನ್ನ ಸ್ವಭಾವದಲ್ಲಿಲ್ಲ. ಮಣಿಪಾಲದಿಂದ ಕಾಪುವಿನವರೆಗೆ ನಾನು ಬೈದದ್ದನ್ನು ಬಸ್ಸಿನ ಅರ್ಧ ಜನ ಕೇಳಿರಬಹುದು. ಅಪ್ಪ ಕಿಟಕಿಯ ಟರ್ಪಾಲನ್ನು ನೋಡುತ್ತ ಕುಳಿತಿದ್ದ. ಸುಳ್ಳು ಹೇಳುವ ಮನುಷ್ಯ ಅವನಲ್ಲ. ಮೀನಿನ ಪಾಲು ಹಂಚುವಾಗ ಒಂದು ಬೂತಾಯಿ ಹೆಚ್ಚು ಬಂದರೂ ವಾಪಸು ಕೊಡುವವನು. ಅದೇ ನನಗೆ ತಲೆಕೆಡಿಸಿದ್ದು. ನನ್ನ ಅಣ್ಣನ ಜೀವದ ವಿಷಯದಲ್ಲಿ ಇವನು ಸುಳ್ಳು ಹೇಳುತ್ತಾನೆ ಎಂದರೆ ಹೇಗೆ?

ಆ ಶನಿವಾರ ಊರಿಗೆ ಬಂದಾಗ ಮಳೆ ಸ್ವಲ್ಪ ಹೊಳವಾಗಿತ್ತು. ಅಪ್ಪ ಮನೆಯಲ್ಲಿರಲಿಲ್ಲ. ಹುಡುಕುತ್ತ ಕಡಲ ಕಡೆಗೆ ಹೋದೆ. ಬಲೆ ಒಣಹಾಕುವ ಬಿದಿರಿನ ಗಳ ಒಂದುಂಟು, ಎರಡು ಗೂಟಗಳ ಮೇಲೆ ಅಡ್ಡಲಾಗಿ. ಅಪ್ಪ ಅದರ ಎದುರಿಗೆ ನಿಂತಿದ್ದ. ತಲೆಯನ್ನು ಬೇಕೆಂದೇ ನೆಟ್ಟಗೆ ಮಾಡಿಕೊಂಡಿದ್ದ. ದೂರದಿಂದ ನಡೆದು ಬಂದು, ಕೈ ಚಾಚಿ ಗಳವನ್ನು ಹಿಡಿಯಲು ಹೋದ. ಗಳಕ್ಕಿಂತ ಗೇಣು ಕೆಳಗೆ ಅವನ ಮುಷ್ಟಿ ಮುಚ್ಚಿತು. ಅದರಲ್ಲಿ ಗಾಳಿ ಮಾತ್ರ ಇತ್ತು. ಅವನು ಒಂದು ಕಣ್ಣು ಮುಚ್ಚಿ ಗಳವನ್ನು ಮುಟ್ಟಿ ನೋಡಿದ, ಹಿಂದಕ್ಕೆ ಹೋದ, ಮತ್ತೆ ನಡೆದು ಬಂದ. ಈ ಸಲ ಸಿಕ್ಕಿತು. ಮತ್ತೆ ಹಿಂದಕ್ಕೆ ಹೋದ. ಮತ್ತೆ ಗಾಳಿ.

ಎಳೆಯ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವುದನ್ನು ದಿನಾ ನೋಡುವವಳು ನಾನು. ಅಪ್ಪ ಮಾಡುತ್ತಿದ್ದದ್ದೂ ಅದೇ. ಎರಡರಲ್ಲಿ ಸುಳ್ಳಿನದು ಯಾವುದು, ನಿಜದ್ದು ಯಾವುದು ಎಂದು ಕೈಗೆ ಕಲಿಸುತ್ತಿದ್ದ. ಋತು ಶುರುವಾದಾಗ ದಿಬ್ಬದ ಮೇಲೆ ಒಂದೇ ತೋರಿಸಬೇಕಲ್ಲ. ಆಗ ನನಗೆ ಮಣಿಪಾಲದ ಆ ಉತ್ತರ ಹೊಳೆಯಿತು. ಅವನು ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನು ಹೇಳುವುದೇ ಅವನಿಗೆ ಗೊತ್ತಿರಲಿಲ್ಲ. ಎರಡು ಕಂಡರೆ ಸರಿಯಾದ ಒಂದನ್ನು ಆರಿಸಿ ಹೇಳುವುದು ಅವನ ಕಸುಬು. ಗೆರೆ ಇರಬೇಕಾದ ಜಾಗವನ್ನು ನಾನೇ ಗಟ್ಟಿಯಾಗಿ ಹೇಳಿಬಿಟ್ಟಿದ್ದೆ, ಅವನು ಅದನ್ನೇ ತೋರಿಸಿದ. ನಾನು ಹೇಗೆ ಬಂದಿದ್ದೆನೋ ಹಾಗೆಯೇ ಹಿಂದಿರುಗಿದೆ. ಆ ದಿನ ಮನೆಯಲ್ಲಿ ನಾನು ಯಾರ ಜೊತೆಗೂ ಜಗಳವಾಡಲಿಲ್ಲ, ಜ್ವರ ಬಂದಿದೆಯೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಎರಡನೆಯ ಸಲ ಮತ್ತೆ ಅದೇ ಕತ್ತಲೆ ಕೋಣೆ, ಅದೇ ಸಣ್ಣ ದೀಪ. ಡಾಕ್ಟರರು ಅಪ್ಪನ ತಲೆಯನ್ನು ನೆಟ್ಟಗೆ ಹಿಡಿದು ಕೆಂಪು ಗಾಜು ಇಟ್ಟರು. ಗೆರೆ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅವನ ಪಕ್ಕದಲ್ಲಿ ನೆಲಕ್ಕೆ ಕೂತು, ಮೊಣಕಾಲಿನ ಮೇಲಿದ್ದ ಅವನ ಕೈ ಹಿಡಿದುಕೊಂಡೆ. ಗಂಟು ಬಿದ್ದ ಆ ಕೈಯನ್ನು ನಾನು ದೊಡ್ಡವಳಾದ ಮೇಲೆ ಹಿಡಿದದ್ದೇ ಇಲ್ಲ.

"ಅಪ್ಪಾ, ಇಲ್ಲಿ ಯಾವ ದೋಣಿಯೂ ಹೊರಡುವುದಿಲ್ಲ" ಎಂದೆ. "ಅಣ್ಣ ಇಲ್ಲಿ ಹುಟ್ಟು ಹಿಡಿದು ಕುಳಿತಿಲ್ಲ. ಎರಡು ಎಂದು ಹೇಳಿದರೆ ಯಾರೂ ಮುಳುಗುವುದಿಲ್ಲ."

ಡಾಕ್ಟರರಿಗೆ ತುಳು ತಿಳಿಯದಿದ್ದರೂ ಏನೋ ತಿಳಿದಿರಬೇಕು, ಅವರು ಅವಸರ ಮಾಡಲಿಲ್ಲ. ನನ್ನ ಕೈಯೊಳಗೆ ಅವನ ಕೈ ಬೆವರಿತು.

"ಗೆರೆ ಕೆಳಗೆ ಉಂಟು" ಎಂದ ಕೊನೆಗೆ. "ದೀಪ ಬೇರೆ, ಗೆರೆ ಬೇರೆ. ಎಲ್ಲವೂ ಹಾಗೆಯೇ ಉಂಟು ಮಗಾ. ಕಡಲೂ ಎರಡು."

ನಾನು ಅದನ್ನು ಕನ್ನಡಕ್ಕೆ ತಿರುಗಿಸಲು ಹೋಗಲಿಲ್ಲ. ಬೆರಳನ್ನು ಕೆಳಗೆ ತೋರಿಸಿದೆ. ಡಾಕ್ಟರರು ತಲೆಯಾಡಿಸಿ ಪೆಟ್ಟಿಗೆಯಿಂದ ಬೇರೆ ಗಾಜುಗಳನ್ನು ತೆಗೆದರು. ಪ್ರಿಸಮ್ ಎನ್ನುತ್ತಾರೆ ಅದಕ್ಕೆ. ದೋಣಿ ಉರುಳದಂತೆ ಅಡಿಗೆ ಕೊಡುವ ಬೆಣೆಯ ಹಾಗೆ, ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳು. ಬೆಳಕನ್ನು ಬಾಗಿಸಿ, ಕಂಡದ್ದನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸುವುದು ಅದರ ಕೆಲಸ. ತೆಳುವಾದದ್ದರಿಂದ ಶುರುಮಾಡಿ ಒಂದು ಇಟ್ಟರು, ತೆಗೆದರು, ಅದಕ್ಕಿಂತ ದಪ್ಪನೆಯದು ಇಟ್ಟರು.

ಗೆರೆ ಏರತೊಡಗಿರಬೇಕು. ಅಪ್ಪನ ಬಲಗೈ ನನ್ನ ಕೈಯಿಂದ ಬಿಡಿಸಿಕೊಂಡು ತಾನಾಗಿ ಮೇಲೆದ್ದಿತು. ಬೈರಾಸು ಹಿಡಿದ ಹಾಗೆಯೇ ಬೆರಳು ಮಡಚಿದ್ದವು. ಇನ್ನೂ ಮೇಲೆ ಎಂದು ಕೈ ಎತ್ತಿದ. ಡಾಕ್ಟರರು ಇನ್ನೊಂದು ಗಾಜು ಇಟ್ಟರು. ಮತ್ತೂ ಸ್ವಲ್ಪ. ಅಲ್ಲ, ಹೆಚ್ಚಾಯಿತು, ಕೆಳಗೆ. ನಾನು ಏನನ್ನೂ ತಿರುಗಿಸಿ ಹೇಳಬೇಕಾಗಿರಲಿಲ್ಲ. ಆ ಕೈಯ ಮಾತು ಡಾಕ್ಟರರಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಒಂದು ಗಾಜಿನ ಹತ್ತಿರ ಕೈ ಅಡ್ಡವಾಗಿ ಚಾಚಿ ನಿಂತಿತು. ಕಡಲಲ್ಲಿ ಅದರ ಅರ್ಥ, ಇಲ್ಲಿಯೇ ಬಲೆ ಬಿಡಿ ಎಂದು.

ಗಾಜು ಬರೆದುಕೊಟ್ಟ ಮೇಲೆ ಡಾಕ್ಟರರು ಮುಚ್ಚುಮರೆ ಮಾಡದೆ ಇನ್ನೊಂದು ಮಾತು ಹೇಳಿದರು. ಈ ಕನ್ನಡಕ ನರವನ್ನು ಗುಣ ಮಾಡುವುದಿಲ್ಲ. ನೇರ ಎದುರಿಗೆ ನೋಡಿದಾಗ ಒಂದೇ ಕಾಣುತ್ತದೆ, ಕೆಳಗೆ ನೋಡಿದಾಗ ಎರಡೇ. ಹತ್ತಿರದ ನೀರು, ಮೆಟ್ಟಿಲು, ಕಾಲಡಿ, ಅಲ್ಲೆಲ್ಲ ಇವರು ಈ ಕಣ್ಣನ್ನು ನಂಬಬಾರದು. ನಾನು ಒಂದಕ್ಷರ ಬಿಡದೆ ಅಪ್ಪನಿಗೆ ಹೇಳಿದೆ. ಬಂಡೆ ಎಲ್ಲಿ ಬರುತ್ತದೆ, ಎದುರಿಗೋ ಕೆಳಗೋ ಎಂದು ಕೇಳಿದ. ನಿನಗೇ ಗೊತ್ತಲ್ಲ ಎಂದೆ.

ಕನ್ನಡಕ ಮದರಾಸಿನಿಂದ ಬರಬೇಕಿತ್ತು. ಬಂದಾಗ ಆಟಿ ಕಳೆದು, ಕಡಲಿಗೆ ಹಾಲು ತೆಂಗಿನಕಾಯಿ ಒಪ್ಪಿಸಿ ಆಗಿತ್ತು. ಅಪ್ಪ ಜಗಲಿಯಲ್ಲಿ ಕುಳಿತು ಅದನ್ನು ಹಾಕಿಕೊಂಡ. ನಾವೆಲ್ಲ ಎದುರಿಗೆ ನಿಂತಿದ್ದೆವು. ಅಮ್ಮನ ಎಣ್ಣೆಗೂ ಶಾಖಕ್ಕೂ ಬಗ್ಗದಿದ್ದ ಕುತ್ತಿಗೆ ಮೆಲ್ಲಮೆಲ್ಲಗೆ, ಯಾರೂ ಮುಟ್ಟದೆ, ತಾನಾಗಿ ನೆಟ್ಟಗಾಯಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಪ್ಪ ನನ್ನನ್ನು ನೋಡಿ, ನೀನು ಸೊರಗಿದ್ದಿ ಎಂದ. ಅಷ್ಟು ತಿಂಗಳು ಅವನು ನನ್ನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಮೊದಲ ದೋಣಿ ಹೊರಡುವ ದಿನ ಭಾನುವಾರವಾಗಿ ಬಂತು, ಹಾಗಾಗಿ ನಾನು ಅಲ್ಲಿದ್ದೆ. ದೋಣಿಗೆ ಬಲೆ ತುಂಬಿ ನೀರಿನ ಅಂಚಿಗೆ ತಂದಿದ್ದರು. ಅಣ್ಣ ಮೂತಿಯಲ್ಲಿ ಕೂತಾಗಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ದಿಬ್ಬ ಹತ್ತಿದ. ದೂರದ ನೀರನ್ನು ನೋಡಿದ, ತಲೆ ನೆಟ್ಟಗಿತ್ತು. ಕಾಪುವಿನ ದೀಪಸ್ತಂಭದ ಆಚೆ ನೀರು ಕಂದಿರುವುದು ನನ್ನಂಥವಳಿಗೂ ಸುಮಾರಾಗಿ ಕಾಣುತ್ತಿತ್ತು. ಬೈರಾಸು ಬಿಚ್ಚಿದ. ಕೆಳಗೆ ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಆಗ ಅವನು ಕಣ್ಣು ಕೆಳಗಿಳಿಸಿ ಬಂಡೆಯನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಕೈ ಮೇಲೇಳಲಿಲ್ಲ.

ಒಂದು ಕಣ್ಣು ಮುಚ್ಚಿಕೊಂಡು ಅವನು ದಿಬ್ಬ ಇಳಿದು ಬಂದ. ಬಲೆಯ ಲೆಕ್ಕ, ಪಾಲು ನೋಡಿಕೊಳ್ಳುವ ಹಿರಿಯನ ಎದುರಿಗೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಬಂಗುಡೆ ಉಂಟು. ಆದರೆ ಬಂಡೆ ನನಗೆ ಎರಡು ಕಾಣುತ್ತದೆ."

ನಮ್ಮ ಕರೆಯಲ್ಲಿ ಆ ಮಾತನ್ನು ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ. ಹಿರಿಯ ನೆಲ ನೋಡಿದ. ದೋಣಿಯಿಂದ ಅಣ್ಣ ಇಳಿದು, ಮೊಣಕಾಲ ನೀರಿನಲ್ಲಿ ನಡೆದು ಬಂದ.

"ಗೊತ್ತುಂಟು ಅಪ್ಪಾ" ಎಂದ. "ಎಲ್ಲರಿಗೂ ಗೊತ್ತುಂಟು."

ಆಮೇಲೆ ಹಿರಿಯನೇ ಹೇಳಿದ್ದು. ಹಿಂದಿನ ಋತುವಿನಲ್ಲಿ, ತಲೆಗೆ ಪೆಟ್ಟು ಬಿದ್ದ ಸ್ವಲ್ಪ ದಿನಕ್ಕೆ, ಬೈರಾಸು ತೋರಿಸಿದ ಕಡೆಗೆ ಹೋದ ದೋಣಿ ಬಂಡೆಗೆ ಕೂದಲೆಳೆಯಲ್ಲಿ ತಪ್ಪಿತ್ತಂತೆ. ಅಂದಿನಿಂದ ಅಣ್ಣ ಮೂತಿಯಲ್ಲಿ ಕೂತು ಬಂಡೆಯನ್ನು ತಾನೇ ನೋಡಿಕೊಳ್ಳುತ್ತಿದ್ದ, ಉಳಿದವರು ಅವನ ಹುಟ್ಟನ್ನು ನೋಡಿ ಹುಟ್ಟು ಹಾಕುತ್ತಿದ್ದರು. ದಿಬ್ಬದಲ್ಲಿ ನಿಂತವನಿಗೆ ಎದುರು ಹೇಳುವ ಹಾಗಿಲ್ಲವಲ್ಲ, ಅದಕ್ಕೇ ಯಾರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟೂ ಗಂಡಸರು, ಅಷ್ಟೂ ತಿಂಗಳು, ಜೀವ ಕೈಯಲ್ಲಿ ಹಿಡಿದುಕೊಂಡು, ಒಬ್ಬ ಮುದುಕನ ಮರ್ಯಾದೆಗೆ! ಬಾಯಿ ತೆರೆದೆ. ಅಪ್ಪನ ಮುಖ ನೋಡಿ ಮುಚ್ಚಿದೆ.

ಅವನು ಕೈಯಲ್ಲಿದ್ದ ಬೈರಾಸನ್ನೇ ನೋಡುತ್ತಿದ್ದ.

"ಹಾಗಾದರೆ ನಾನು ಯಾರಿಗೆ ಬೀಸಿದ್ದು?" ಎಂದು ಕೇಳಿದ.

"ನಮಗೇ" ಎಂದ ಅಣ್ಣ. "ನೀನು ಬೀಸದಿದ್ದರೆ ನಾವು ಹೊರಡುತ್ತಿರಲಿಲ್ಲ."

ಅಪ್ಪ ಬೈರಾಸನ್ನು ಮಡಚಿ ಅಣ್ಣನ ಕಡೆಗೆ ಚಾಚಿದ. ಅಣ್ಣ ತೆಗೆದುಕೊಳ್ಳಲಿಲ್ಲ, ತಾನು ದೋಣಿಯಲ್ಲಿಯೇ ಇರುತ್ತೇನೆ ಎಂದ. ಕೊನೆಗೆ ಹಿರಿಯ ಅದನ್ನು ತೆಗೆದುಕೊಂಡು ದಿಬ್ಬ ಹತ್ತಿದ. ದೋಣಿ ಹೋಯಿತು, ಸುತ್ತುಹಾಕಿ ಬಂತು. ಹಗ್ಗ ಎಳೆಯುವವರ ಸಾಲಿನಲ್ಲಿ ಅಪ್ಪ ಕೊನೆಯವನಾಗಿ ನಿಂತ. ಎದುರಿಗಿದ್ದವನ ಬೆನ್ನನ್ನೇ ನೋಡುತ್ತ ಎಳೆದ. ಆ ದಿನ ಬಲೆ ತುಂಬಿತ್ತು, ಆದರೆ ದಡದಲ್ಲಿ ಎಂದಿನ ಗಲಾಟೆ ಇರಲಿಲ್ಲ.

ಅವನು ಆಮೇಲೆ ದಿಬ್ಬ ಹತ್ತಲೇ ಇಲ್ಲ. ಕೆಲವು ವರ್ಷ ಹಗ್ಗ ಎಳೆದ, ಬಲೆ ಹೆಣೆದ, ಸಂಜೆ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ನೇರ ಎದುರಿಗೆ ಕಡಲು ನೋಡುತ್ತ ಕುಳಿತ. ನಾನು ಶನಿವಾರ ಬಂದಾಗ ಬೈದರೆ ನಗುತ್ತಿದ್ದ. ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಳೆಗಾಲದಲ್ಲಿ ಹೋದ. ಕನ್ನಡಕವನ್ನು ಅಮ್ಮ ನನಗೆ ಕೊಟ್ಟಳು.

ಆ ವರ್ಷದ ಋತು ಶುರುವಾದ ಮೇಲೆ ಒಂದು ದಿನ ಅದನ್ನು ತೆಗೆದುಕೊಂಡು ದಿಬ್ಬಕ್ಕೆ ಹೋದೆ. ದೋಣಿ ಬಲೆ ಬಿಟ್ಟು ಮರಳುತ್ತಿತ್ತು, ಬಂಡೆಯ ಹತ್ತಿರಕ್ಕೆ ಬಂದಿತ್ತು. ಮೂತಿಯಲ್ಲಿ ಅಣ್ಣ. ನಾನು ಕನ್ನಡಕ ಹಾಕಿಕೊಂಡೆ. ನೆಟ್ಟಗಿರುವ ಕಣ್ಣಿಗೆ ಆ ಗಾಜು ಒಂದನ್ನು ಎರಡಾಗಿ ತೋರಿಸುತ್ತದೆ ಎಂದು ಡಾಕ್ಟರರು ಹಿಂದೆಯೇ ಹೇಳಿದ್ದರು. ಗೊತ್ತಿದ್ದೂ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಒಂದು ಕಡಲಿನ ಮೇಲೆ ಇನ್ನೊಂದು ಕಡಲು. ಎರಡು ಬಂಡೆ, ಎರಡು ನೊರೆ, ಒಂದರ ಮೇಲೊಂದು ಎರಡು ದೋಣಿ, ಎರಡರ ಮೂತಿಯಲ್ಲೂ ಅಣ್ಣ. ಯಾವ ದೋಣಿ ಯಾವ ಬಂಡೆಯ ಪಕ್ಕದಲ್ಲಿದೆ ಎಂದು ಎಷ್ಟು ನೋಡಿದರೂ ನನಗೆ ಹೇಳಲಾಗಲಿಲ್ಲ. ಇದನ್ನು ನೋಡುತ್ತ ಅವನು ಇಲ್ಲಿ ನಿಂತಿದ್ದ. ನಾನು ತಡೆಯಲಾರದೆ ಅಣ್ಣಾ ಎಂದು ಕೂಗಿದೆ.

ಇಬ್ಬರೂ ತಿರುಗಿ ನೋಡಿದರು.